ಮಂಡಿ ಬಿಲ್ಲಿಂಗ್ ಆ್ಯಪ್‌ಗೆ ಎಕ್ಸ್‌ಪ್ಲೋರೇಟರಿ ಟೆಸ್ಟಿಂಗ್: ಶುರು ಎಲ್ಲಿಂದ?

ಪ್ರಶ್ನೆ: ಸರ್, ದಾವಣಗೆರೆ ಎಪಿಎಂಸಿಯ ಮಂಡಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡುವ ಸಣ್ಣ ತಂಡ ನಮ್ಮದು. ಬರೆದಿಟ್ಟ ಟೆಸ್ಟ್ ಕೇಸ್‌ಗಳೆಲ್ಲ ಪಾಸ್ ಆಗ್ತವೆ, ಆದರೂ ಅಂಗಡಿಗಳಿಂದ ದೂರು ನಿಂತಿಲ್ಲ. ಎಕ್ಸ್‌ಪ್ಲೋರೇಟರಿ ಟೆಸ್ಟಿಂಗ್ ಮಾಡೋಣ ಅಂದ್ರೆ, "ಅಲ್ಲಿ ಇಲ್ಲಿ ಒತ್ತಿ ನೋಡೋಕೆ ಟೈಮ್ ಇಲ್ಲ" ಅಂತಾರೆ ಮ್ಯಾನೇಜರ್. ಹೇಗೆ ಕಲಿಯೋದು, ಅವರಿಗೆ ಲೆಕ್ಕ ಹೇಗೆ ಕೊಡೋದು?

ಉತ್ತರ: ಗುರಿಯಿಲ್ಲದೆ ಒತ್ತಿ ನೋಡುವುದಕ್ಕೆ ಈ ಹೆಸರು ಸಲ್ಲದು. ಈಗ ಬಂದ ಫಲಿತಾಂಶ ನೋಡಿ ಮುಂದಿನ ಟೆಸ್ಟ್ ಯಾವುದೆಂದು ಆಗಲೇ ತೀರ್ಮಾನಿಸುವುದು ಇದರ ಜೀವಾಳ. ಲೆಕ್ಕ ಕೊಡಲು ಜೇಮ್ಸ್ ಬಾಕ್, ಜೊನಾಥನ್ ಬಾಕ್ ಸಹೋದರರು 2000ರ ಸುಮಾರಿಗೆ ರೂಪಿಸಿದ ಸೆಷನ್ ಪದ್ಧತಿ ಇದೆ. ಒಂದು ಸೆಷನ್ ಎಂದರೆ ಸುಮಾರು 90 ನಿಮಿಷ, ಒಂದೇ ಚಾರ್ಟರ್ (ಏನು ಹುಡುಕಬೇಕೆಂದು ಬರೆದಿಟ್ಟ ಗುರಿ), ನಡುವೆ ಫೋನ್ ಇಲ್ಲ, ಮೀಟಿಂಗ್ ಇಲ್ಲ.

"ಬಿಲ್ ಮಾಡ್ಯೂಲ್ ನೋಡುವುದು" ಎಂದು ಬರೆದರೆ ಅದು ಚಾರ್ಟರ್ ಆಗುವುದಿಲ್ಲ. "ದಶಮಾಂಶದ ತೂಕ ಹಾಕಿ, ಮೊತ್ತ ಎಲ್ಲಿ ತಪ್ಪುತ್ತದೆ ಹುಡುಕುವುದು" ಎಂದು ಬರೆಯಿರಿ. ಮೆಕ್ಕೆಜೋಳದ ಒಂದು ಚೀಲ 48.650 ಕೆ.ಜಿ., ದರ ಕ್ವಿಂಟಲ್‌ಗೆ 2,235 ರೂ. ಎಂದಿಟ್ಟುಕೊಳ್ಳಿ. ಚೀಲಕ್ಕೆ 1,087.3275 ರೂ. ಬರುತ್ತದೆ. ಪ್ರತಿ ಸಾಲನ್ನೂ 1,087.33ಕ್ಕೆ ಸರಿಹೊಂದಿಸಿ ಕೂಡಿದರೆ 100 ಚೀಲಕ್ಕೆ 1,08,733.00. ಕೊನೆಯಲ್ಲಿ ಒಮ್ಮೆ ಮಾತ್ರ ಸರಿಹೊಂದಿಸಿದರೆ 1,08,732.75. ಪರದೆ ಒಂದು ಮೊತ್ತ, ಪ್ರಿಂಟ್ ಇನ್ನೊಂದು ತೋರಿಸಿದರೆ ಬಗ್ ಸಿಕ್ಕಿತು. ಮುಂದಿನ ಪ್ರಶ್ನೆಗಳು ಅಲ್ಲಿಂದಲೇ ಹುಟ್ಟುತ್ತವೆ: ಹಮಾಲಿ ಕಳೆದ ಮೇಲೆ ವ್ಯತ್ಯಾಸ ಹೆಚ್ಚುತ್ತದೆಯೇ? ಬಿಲ್ ತಿದ್ದಿ ಮತ್ತೆ ಉಳಿಸಿದರೆ? ದಿನದ ವರದಿ ಯಾವ ಮೊತ್ತ ಹಿಡಿಯುತ್ತದೆ?

ಪ್ರಶ್ನೆ: ಕನ್ನಡ ಹೆಸರು, ಎಸ್‌ಎಂಎಸ್‌ಗಳಲ್ಲೂ ತೊಂದರೆ ಇದೆ ಸರ್.

ಉತ್ತರ: ಅದಕ್ಕೆ ಬೇರೆಯೇ ಚಾರ್ಟರ್ ಇಡಿ, ಒಳ್ಳೆಯ ಬೇಟೆ ಸಿಗುತ್ತದೆ. 'ದಾವಣಗೆರೆ' ಕಣ್ಣಿಗೆ 5 ಅಕ್ಷರ, ಅಕ್ಷರ, ಗುಣಿತ ಚಿಹ್ನೆಗಳಿಗೆ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 8 ಸಂಕೇತ, ಆ ಸಂಕೇತಗಳನ್ನು ಕಂಪ್ಯೂಟರ್‌ನಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ 24 ಬೈಟ್. ಅಳತೆಯನ್ನು ಬೈಟ್‌ನಲ್ಲಿ ಮಾಡುವ ಕಡೆ 20ರ ಮಿತಿ ಇದ್ದರೆ ಊರಿನ ಹೆಸರೇ ತುಂಡಾಗುತ್ತದೆ. ಕನ್ನಡದ ಒಂದು ಎಸ್‌ಎಂಎಸ್‌ಗೆ 70 ಸಂಕೇತವೇ ಮಿತಿ. ಅದನ್ನು ದಾಟಿದರೆ ಪ್ರತಿ ತುಣುಕಿಗೆ 67. ರೈತರ ಹೆಸರು ಉದ್ದವಾದಾಗ ಖರ್ಚು ಎರಡು ಪಟ್ಟಾಗುವುದು ಹೀಗೆ.

ಪ್ರಶ್ನೆ: ನೋಟ್ಸ್ ಎಷ್ಟು ಬರೀಬೇಕು? ಸೆಷನ್ ಮುಗಿದ ಮೇಲೆ ಬರೆದರೆ ಸಾಲದಾ?

ಉತ್ತರ: ಸಾಲದು. ಯಾವ ಡೇಟಾಗೆ ಏನು ಬಂತೆಂಬುದು ಅಷ್ಟರಲ್ಲಿ ಮರೆತಿರುತ್ತದೆ, ಬಗ್ ಮತ್ತೆ ತೋರಿಸಲಾಗುವುದಿಲ್ಲ. ಬಿಲ್ಡ್ ನಂಬರ್ (ಆ್ಯಪ್‌ನ ಯಾವ ಆವೃತ್ತಿ ಎಂಬ ಗುರುತು), ಹಾಕಿದ ಡೇಟಾ, ಕಂಡ ಬಗ್, ಉಳಿದ ಅನುಮಾನ ಇಷ್ಟನ್ನು ಆಗಾಗಲೇ ಗೀಚಿಕೊಳ್ಳಿ. ಕೊನೆಗೆ ಸಮಯದ ಪಾಲು: ಟೆಸ್ಟ್ ಮಾಡಿದ್ದು, ಬಗ್ ಬೆನ್ನತ್ತಿದ್ದು, ಸಿದ್ಧತೆ. ಸಿದ್ಧತೆಗೇ ಅರ್ಧ ಹೋಗುತ್ತಿದ್ದರೆ ಟೆಸ್ಟ್ ಡೇಟಾ ಮೊದಲೇ ತುಂಬಿಟ್ಟುಕೊಳ್ಳಬೇಕು. ಬಗ್ ಬೆನ್ನತ್ತುವುದಕ್ಕೇ ಹೋಗಿದ್ದರೆ ಚಾರ್ಟರ್ ಪೂರ್ತಿಯಾಗಿಲ್ಲ, ಅದಕ್ಕೆ ಇನ್ನೊಂದು ಸೆಷನ್ ಬೇಕು.

ಈ ಹಾಳೆ ಹಿಡಿದು ಮ್ಯಾನೇಜರ್ ಜೊತೆ 15 ನಿಮಿಷ ಕೂರಿ. ಏನು ನೋಡಿದಿರಿ, ಏನು ನೋಡಲಾಗಲಿಲ್ಲ, ಮುಂದಿನ ಚಾರ್ಟರ್ ಯಾವುದು ಎಂದು ಹೇಳಿ. ಹಳೆಯ ಟೆಸ್ಟ್ ಕೇಸ್‌ಗಳನ್ನು ಬಿಸಾಡಬೇಡಿ. ಸರಿಪಡಿಸಿದ ಬಗ್ ಮುಂದಿನ ರಿಲೀಸ್‌ನಲ್ಲಿ ಮರಳದಂತೆ ಅದಕ್ಕೊಂದು ಟೆಸ್ಟ್ ಕೇಸ್ ಅಲ್ಲಿಗೆ ಸೇರಿಸಿ.