ಲಾಲ್‌ಬಾಗ್‌ಗೆ ನಡೆದೇ ಬರುವವರನ್ನು ಲೆಕ್ಕಕ್ಕೆ ಹಿಡಿಯೋದು ಹೇಗೆ?

ಪ್ರಶ್ನೆ (ಎಂ.ಎ. ವಿದ್ಯಾರ್ಥಿನಿ)
ಪ್ರಾಜೆಕ್ಟ್‌ಗೆ ಲಾಲ್‌ಬಾಗ್ ತಗೊಂಡಿದ್ದೇನೆ. ಪ್ರಯಾಣದ ಖರ್ಚು ನೋಡಿ ಜನರಿಗೆ ಅದು ಎಷ್ಟು ಬೆಲೆಬಾಳುತ್ತೆ ಅಂತ ಅಳೆಯಬೇಕು. ಬಸವನಗುಡಿ, ಜಯನಗರದಿಂದ ಬೆಳಿಗ್ಗೆ ವಾಕಿಂಗ್ ಬರುವವರಿಗೆ ಬಸ್ ಚಾರ್ಜೂ ಇಲ್ಲ, ಆ ಹೊತ್ತಿಗೆ ಟಿಕೆಟ್ಟೂ ಇಲ್ಲ. ಹಾಗಾದ್ರೆ ದಿನಾ ಬರುವವರ ಪಾಲು ಸೊನ್ನೆ ಅಂತಾಗಲ್ವಾ?

ಉತ್ತರ 1
ಟಿಕೆಟ್ ಕಲೆಕ್ಷನ್ ಎಷ್ಟು ಅಂತ ಕೇಳಿ ಬರೆದುಬಿಡಿ, ಸುಲಭ.

ಉತ್ತರ 2 (ಸಮೀಕ್ಷೆ ಕೆಲಸದವನು)
ಟಿಕೆಟ್ ದುಡ್ಡು ಇಲಾಖೆಯ ಆದಾಯ, ಬಂದವರಿಗೆ ಸಿಕ್ಕಿದ್ದಲ್ಲ. ಕಬ್ಬನ್ ಪಾರ್ಕ್‌ಗೆ ಟಿಕೆಟ್ಟೇ ಇಲ್ಲ, ಅದಕ್ಕೆ ಬೆಲೆ ಇಲ್ವಾ?

ವಾಕಿಂಗ್‌ನವರ ಪಾಲು ಸೊನ್ನೆಯಲ್ಲ, ಅವರದೇ ಎಲ್ಲರಿಗಿಂತ ಜಾಸ್ತಿ. ಈ ದಾರಿ ತೋರಿಸಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೊಟೆಲಿಂಗ್. 1947ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಬರೆದ ಪತ್ರದಲ್ಲಿ ಹೇಳಿದರು. ಪಾರ್ಕಿನ ಸುತ್ತ ವಲಯಗಳನ್ನು ಎಳೆಯಿರಿ. ದೂರ ಹೋದಷ್ಟೂ ಖರ್ಚು ಏರುತ್ತೆ, ಬರುವವರು ಕಡಿಮೆಯಾಗ್ತಾರೆ. ಎಷ್ಟು ಏರಿದರೆ ಎಷ್ಟು ಇಳಿಯುತ್ತೆ ಅನ್ನೋದೇ ಬೇಡಿಕೆಯ ಗೆರೆ. 1959ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಮೇರಿಯನ್ ಕ್ಲಾಸನ್, ಯೊಸೆಮಿಟಿಯಂಥ ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಅಂಕಿಗಳನ್ನು ಹಾಕಿ ಮಾಡಿ ತೋರಿಸಿದರು.

ಉದಾಹರಣೆಗೆ, ತುಮಕೂರಿನವರೊಬ್ಬರು 300 ರೂಪಾಯಿ ಖರ್ಚು ಮಾಡಿ ಬರ್ತಾರೆ ಅಂದುಕೊಳ್ಳಿ. ಅಷ್ಟು ಕೊಡಲು ಒಪ್ಪುವವರು ಜಯನಗರದಲ್ಲೂ ಇರ್ತಾರೆ. ಆದರೆ ಅವರ ಕೈಯಿಂದ ಹೋಗೋದು ಏನೂ ಇಲ್ಲ. ಆ 300 ಅವರಿಗೆ ಉಳಿದ ಲಾಭ. ನೀವು ಅಳೆಯಬೇಕಾದ್ದು ಅದನ್ನೇ, ಖರ್ಚನ್ನಲ್ಲ. ನಡೆದು ಬರುವ ಸಮಯಕ್ಕೂ ಬೆಲೆ ಕಟ್ಟಿ. ನಿವೃತ್ತರಿಗೆ ಎಷ್ಟು ಅನ್ನೋದು ಮಾತ್ರ ಇನ್ನೂ ವಾದದ ವಿಷಯ.

ಇನ್ನೊಂದು ಮಾತು. ಗೇಟಲ್ಲಿ ನಿಂತು ಕೇಳಿದರೆ ದಿನಾ ಬರುವವರೇ ಪದೇ ಪದೇ ಸಿಗ್ತಾರೆ, ವರ್ಷಕ್ಕೊಮ್ಮೆ ಬರುವವರು ತಪ್ಪಿಹೋಗ್ತಾರೆ. ‘ವರ್ಷಕ್ಕೆ ಎಷ್ಟು ಸಲ ಬರ್ತೀರಿ’ ಅಂತ ಕೇಳಿ, ಪದೇ ಪದೇ ಬರುವವರ ತೂಕವನ್ನು ಅದಕ್ಕೆ ತಕ್ಕಂತೆ ಇಳಿಸದೆ ಸರಾಸರಿ ತೆಗೀಬೇಡಿ.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್ ಸರ್. ‘ಎಷ್ಟು ಕೊಡ್ತೀರಿ’ ಅಂತ ನೇರವಾಗಿ ಕೇಳಿದರೆ?

ಉತ್ತರ 2
ಕೇಳಿ ನೋಡಮ್ಮ, ‘ಸರ್ಕಾರದ ತೋಟಕ್ಕೆ ನಾವ್ಯಾಕೆ ಕೊಡಬೇಕು’ ಅಂತ ಸೊನ್ನೆ ಹೇಳ್ತಾರೆ. ಅದು ಪ್ರತಿಭಟನೆ, ಬೆಲೆ ಅಲ್ಲ. ಕಾರಣ ಕೇಳಿ ಬೇರೆಯಾಗಿ ಗುರುತು ಹಾಕಿಕೊಳ್ಳಿ. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞರಾದ ಕೆನೆತ್ ಆರೋ, ರಾಬರ್ಟ್ ಸೋಲೋ ಅವರಿದ್ದ ಅಮೆರಿಕದ ತಜ್ಞರ ಸಮಿತಿ 1993ರಲ್ಲೇ ಹೇಳಿದೆ: ‘ಎಷ್ಟು’ ಅನ್ನೋದಕ್ಕಿಂತ, ಒಂದು ಮೊತ್ತ ಹೇಳಿ ‘ಹೌದಾ, ಇಲ್ವಾ’ ಅಂತ ಕೇಳೋದು ವಾಸಿ. ಆಗಸ್ಟ್ ಮತ್ತು ಜನವರಿಯ ಫಲಪುಷ್ಪ ಪ್ರದರ್ಶನದ ದಿನಗಳನ್ನು ಇದರಲ್ಲಿ ಬೆರೆಸಬೇಡಿ, ಆ ಗುಂಪೇ ಬೇರೆ.