ತಿಂಗಳ ಲೆಕ್ಕ, ಒಣಗುತ್ತಿರುವ ಬಟ್ಟಲು, ಶನಿವಾರ ಗೆಳತಿಯ ಮನೆ ಸಾಗಣೆ: ಈ ವಾರ ಹೇಗೆ ನಿಭಾಯಿಸಲಿ?

ಜೇಡಿಮಣ್ಣು (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ದಯವಿಟ್ಟು ಕೊನೆ ತನಕ ಓದಿ.

ನಂದು ಲೆಕ್ಕಪತ್ರದ ಕೆಲಸ. ಈ ವಾರ ತಿಂಗಳ ಕೊನೆ. ಬ್ಯಾಂಕ್ ಖಾತೆ ತಾಳೆ ನೋಡಬೇಕು, ಬಾರದ ಬಿಲ್ಲುಗಳನ್ನ ಬೆನ್ನು ಹತ್ತಿ ತರಿಸಬೇಕು, ಶುಕ್ರವಾರ ಮಧ್ಯಾಹ್ನದೊಳಗೆ ಲೆಕ್ಕ ಮುಗಿಸಿ ಒಪ್ಪಿಸಬೇಕು. ಮನೆ ಸೇರೋ ಹೊತ್ತಿಗೆ ಎಂಟಾಗತ್ತೆ. ಇದನ್ನ ಆಚೆ ಈಚೆ ಸರಿಸೋಕೆ ದಾರಿ ಇಲ್ಲ.

ಶನಿವಾರ ನನ್ನ ಗೆಳತಿ ಮನೆ ಬದಲಿಸ್ತಾಳೆ. ಬರ್ತೀನಿ ಅಂತ ಒಪ್ಪಿದೀನಿ. ಮೂರು ವರ್ಷದ ಹಿಂದೆ ನಾನು ಮನೆ ಖಾಲಿ ಮಾಡೋ ದಿನ ನಂಗೆ ವಿಪರೀತ ಜ್ವರ, ಎದ್ದು ನಿಲ್ಲೋಕೂ ಆಗ್ತಿರಲಿಲ್ಲ. ಇವಳು ಬೆಳಗ್ಗೆ ಆರಕ್ಕೇ ಬಂದು, ನನ್ನನ್ನ ಒಂದು ಮೂಲೇಲಿ ಮಲಗಿಸಿ, ನನ್ನ ಸುತ್ತ ಇದ್ದ ಇಡೀ ಮನೆ ಕಟ್ಟಿದಳು. ಕೊನೆಗೆ ಆ ಕೋಣೇಲಿ ಉಳಿದಿದ್ದು ಹಾಸಿಗೆ ಒಂದೇ. ಹೊಸ ಮನೇಲಿ ಮೊದಲು ಬಿಚ್ಚಿ ಹಾಸಿದ್ದೂ ಅದನ್ನೇ. ಆದ್ದರಿಂದ "ಈ ಸಲ ಆಗಲ್ಲ ಅಂದುಬಿಡಿ" ಅನ್ನೋ ಸಲಹೆ ಬೇಡ. ಹೋಗೇ ಹೋಗ್ತೀನಿ.

ಇನ್ನು ನನ್ನ ಮಣ್ಣಿನ ಕೆಲಸ. ಇವತ್ತು ಮಧ್ಯಾಹ್ನ ಚಕ್ರದ ಮೇಲೆ ಎಂಟು ಬಟ್ಟಲು ಎತ್ತಿದೆ. ಗೋಡೆ ಇಷ್ಟು ತೆಳ್ಳಗೆ ಬರೋಕೆ ಎರಡು ವರ್ಷ ಬೇಕಾಯ್ತು. ಅದರಲ್ಲಿ ಎರಡು ಅವಳ ಹೊಸ ಮನೆಗೆ, ಅವಳಿಗಿನ್ನೂ ಗೊತ್ತಿಲ್ಲ. ತೊಂದರೆ ಏನಂದ್ರೆ ಬುಡ ಹೆರೆದು ಪಾದ ಮಾಡೋ ಹದ ಮಂಗಳವಾರಕ್ಕೇ ಬರತ್ತೆ. ಮಂಗಳವಾರ ನಂಗೆ ಉಸಿರಾಡೋಕೂ ಪುರುಸೊತ್ತಿಲ್ಲ. ಭಾನುವಾರದ ತನಕ ಹದ ಹಿಡಿದಿಡೋಕೆ ಆಗತ್ತಾ?

ಅದಕ್ಕಿಂತ ದೊಡ್ಡ ಚಿಂತೆ ಅವಳ ಮೀನಿನ ತೊಟ್ಟಿ. 2 ಅಡಿ ಉದ್ದ, 1 ಅಡಿ ಅಗಲ, ಒಂದೂಕಾಲು ಅಡಿ ಎತ್ತರ. ಎರಡು ಏಂಜಲ್ ಮೀನು, ಐದು ಕೋರಿಡೊರಾಸ್ (ತಳದಲ್ಲೇ ಓಡಾಡೋ ಪುಟ್ಟ ಮೀನು). ಅರ್ಧ ನೀರು ತೆಗೆದು ಇಬ್ಬರು ಹಿಡಿದೆತ್ತಿದರೆ ಸಾಕು, ಮೀನು ಒಳಗೇ ಇರಲಿ ಅಂತ ಯಾರೋ ಅವಳಿಗೆ ಹೇಳಿದಾರಂತೆ. ಕೇಳಿದಾಗಿಂದ ನಂಗೆ ಸಮಾಧಾನ ಇಲ್ಲ. ಗೊತ್ತಿರೋರು ಹೇಳಿ.

ಅವಳೂ ಶುಕ್ರವಾರದ ತನಕ ಕೆಲಸಕ್ಕೆ ಹೋಗ್ತಾಳೆ. ಗುರುವಾರ ರಾತ್ರಿ ಎರಡು ಗಂಟೆ ಮಾತ್ರ ನಾನು ಅವಳ ಮನೇಲಿರಬಲ್ಲೆ. ಆ ಎರಡು ಗಂಟೇಲಿ ಏನು ಕಟ್ಟಿದರೆ ಶನಿವಾರ ಹಗುರಾಗತ್ತೆ?

ನೀರ್ಮನೆ

ನಿಮ್ಮ ಗೆಳತಿಗೆ ಈಗಲೇ ಫೋನ್ ಮಾಡಿ ಹೇಳಿ, ನೀರಿರುವ ತೊಟ್ಟಿಯನ್ನು ಎತ್ತಕೂಡದು. ಅರ್ಧ ನೀರಿದ್ದರೂ ಬೇಡ. ನೀವು ಕೊಟ್ಟ ಅಳತೆಗೆ ತುಂಬಾ ನೀರು ಹಿಡಿದರೆ ಸುಮಾರು 70 ಲೀಟರ್, ಅಂದರೆ ನೀರೇ 70 ಕಿಲೋ. ಅರ್ಧ ತೆಗೆದರೂ 35 ಕಿಲೋ, ಮೇಲೆ ಕಲ್ಲು, ಗಾಜು. ಭಾರಕ್ಕಿಂತ ಕೆಟ್ಟದ್ದು ಆ ನೀರಿನ ತೂಗಾಟ. ಗಾಜಿನ ಹಲಗೆಗಳನ್ನು ಹಿಡಿದಿರುವುದು ಬರೀ ಸಿಲಿಕೋನ್ ಅಂಟು. ಎತ್ತುವಾಗ ಒಂದು ಮೂಲೆ ತಿರುಚಿದರೆ ಅಂಟು ಎಳೆದುಕೊಳ್ಳುತ್ತದೆ. ಅಲ್ಲೇ ಒಡೆಯದಿರಬಹುದು, ಹೊಸ ಮನೆಯಲ್ಲಿ ನಾಲ್ಕು ದಿನದ ಮೇಲೆ ನಡುರಾತ್ರಿ ಸೋರಲು ಶುರುವಾಗಬಹುದು. ನನ್ನ ಮೊದಲ ತೊಟ್ಟಿ ಹಾಗೇ ಹೋಯಿತು.

ನಾನು ಮಾಡುವ ಕ್ರಮ ಹೇಳುತ್ತೇನೆ. ಶುಕ್ರವಾರ ಮೀನಿಗೆ ಮೇವು ಹಾಕಬೇಡಿ. ಹೊಟ್ಟೆ ಖಾಲಿ ಇದ್ದರೆ ಬಕೆಟ್ಟಿನ ನೀರು ಬೇಗ ಕೆಡುವುದಿಲ್ಲ. ಒಂದು ದಿನ ಉಪವಾಸವಿದ್ದರೆ ಅವಕ್ಕೇನೂ ಆಗದು. ಶನಿವಾರ ಬೆಳಗ್ಗೆ ಮೊದಲು ಹೀಟರ್ ಆರಿಸಿ ಇಪ್ಪತ್ತು ನಿಮಿಷ ನೀರಿನಲ್ಲೇ ಬಿಡಿ. ಬಿಸಿಯಾಗಿರುವಾಗ ಗಾಳಿಗೆ ತೆಗೆದರೆ ಅದರ ಗಾಜು ಸೀಳಬಹುದು. ಆಮೇಲೆ, ಒಳಗೆ ಏನನ್ನೂ ಕದಡುವ ಮೊದಲೇ, ಕೊಳವೆಯಿಂದ ತಿಳಿನೀರನ್ನು ಬಕೆಟ್‌ಗಳಿಗೆ ಇಳಿಸಿಕೊಳ್ಳಿ. ಮೀನು ಹೋಗಬೇಕಾದದ್ದು ಈ ನೀರಿನಲ್ಲಿ. ಕಲ್ಲು ಅಲ್ಲಾಡಿಸಿದ ಮೇಲೆ ಬರುವ ಕೊಳೆ ನೀರನ್ನು ಚೆಲ್ಲಿಬಿಡಿ. ನಂತರ ಮರದ ತುಂಡು, ಗಿಡ ಹೊರಗೆ. ನೀರು ಗೇಣುದ್ದಕ್ಕೆ ಇಳಿದಾಗ ಮೀನು ಹಿಡಿಯುವುದು ಸುಲಭ. ಮರ ಒಳಗಿರುವಾಗ ಜಾಲರಿ ಹಿಡಿದು ಅಟ್ಟಾಡಿದರೆ ಅವು ಹೆದರಿ ಗಾಜಿಗೆ ಬಡಿದುಕೊಳ್ಳುತ್ತವೆ.

ಕೋರಿಡೊರಾಸ್‌ಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಡಿ. ಅವುಗಳ ಪಕ್ಕದ ರೆಕ್ಕೆಯಲ್ಲಿ ಗಟ್ಟಿ ಮುಳ್ಳಿದೆ, ಚೀಲ ತೂತಾಗುತ್ತದೆ. ಜಾಲರಿಗೂ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಒಂದು ಡಬ್ಬಿಯಲ್ಲಿ ನೀರಿನ ಸಮೇತ ಮೊಗೆಯಿರಿ. ಮುಚ್ಚಳವಿರುವ ಎರಡು ಬಕೆಟ್, ಅರ್ಧರ್ಧ ನೀರು, ಏಂಜಲ್ ಒಂದರಲ್ಲಿ, ಕೋರಿ ಇನ್ನೊಂದರಲ್ಲಿ. ಮುಚ್ಚಳಕ್ಕೆ ನಾಲ್ಕು ತೂತು. ಕತ್ತಲಲ್ಲಿ ಮೀನು ಶಾಂತವಾಗಿರುತ್ತವೆ.

ಎಲ್ಲಕ್ಕಿಂತ ಮುಖ್ಯ ಫಿಲ್ಟರ್‌ನ ಸ್ಪಂಜು. ಮೀನಿನ ಕೊಳೆಯಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬದುಕಿರುವುದು ನೀರಿನಲ್ಲಿ ಅಲ್ಲ, ಬಹುಪಾಲು ಆ ಸ್ಪಂಜಿನಲ್ಲಿ, ಸ್ವಲ್ಪ ಕಲ್ಲುಗಳ ಮೇಲೆ. "ಹೆಂಗೂ ಬಿಚ್ಚಿದ್ದೀವಲ್ಲ" ಅಂತ ಅದನ್ನು ನಲ್ಲಿ ನೀರಿನಲ್ಲಿ ತೊಳೆಯಲು ಬಿಡಬೇಡಿ. ಕ್ಲೋರಿನ್ ತಾಗಿದರೆ ಅವು ಸಾಯುತ್ತವೆ, ಆಮೇಲೆ ಮೀನೂ ಸಾಯಬಹುದು. ತೊಟ್ಟಿಯ ನೀರಲ್ಲೇ ನೆನೆದಿರಲಿ, ಡಬ್ಬಿ ಪೂರ್ತಿ ಮುಚ್ಚಬೇಡಿ, ಬ್ಯಾಕ್ಟೀರಿಯಾಕ್ಕೂ ಗಾಳಿ ಬೇಕು.

ತೊಟ್ಟಿ ಕೊನೆಗೆ ಬಿಚ್ಚಿ, ಅಲ್ಲಿ ಮೊದಲು ಜೋಡಿಸಿ. ಹೊಸ ನೀರಿಗೆ ಆ್ಯಂಟಿ ಕ್ಲೋರಿನ್ (ಕ್ಲೋರಿನ್ ತೆಗೆಯುವ ದ್ರಾವಣ) ಹಾಕಲು ಮರೆಯಬೇಡಿ. ಒಂದು ವಾರ ಮೇವು ಕಡಿಮೆ, ದಿನಾ ಅಮೋನಿಯಾ ಪರೀಕ್ಷೆ.

ತಿರುಗಣೆ

ಬಟ್ಟಲಿನ ವಿಷಯ ನಾನು ಹೇಳ್ತೀನಿ. ಭಾನುವಾರದ ತನಕ ಧಾರಾಳವಾಗಿ ಹಿಡಿದಿಡಬಹುದು, ನಾಳೆ ಬೆಳಗ್ಗೆ ಹತ್ತು ನಿಮಿಷ ಕೊಡಿ.

ಬಟ್ಟಲಿನ ಅಂಚು ಮೊದಲು ಒಣಗತ್ತೆ, ಬುಡ ಕೊನೆಗೆ. ತೆಳು ಗೋಡೆ ಅಂದ್ರೆ ಈ ವ್ಯತ್ಯಾಸ ಇನ್ನೂ ಜಾಸ್ತಿ. ಅಂಚು ಕುಗ್ಗಿ ಬುಡ ಕುಗ್ಗದೇ ಇದ್ದಾಗಲೇ ಬಿರುಕು. ನೀವು ಕಾಪಾಡಬೇಕಾದ್ದು ಒದ್ದೆಯನ್ನ ಅಲ್ಲ, ಎಲ್ಲ ಕಡೆ ಒಂದೇ ಹದವನ್ನ. ಸೋಮವಾರ ಬೆಳಗ್ಗೆ ಅಂಚು ಮುಟ್ಟಿ ನೋಡಿ. ಬೆರಳಿಗೆ ಅಂಟದೆ, ತನ್ನ ಭಾರ ತಾನು ಹೊರೋ ಹಾಗಿದ್ರೆ ಬೋರಲು ಹಾಕಿ. ಮುಚ್ಚಳ ಬಿಗಿಯಾಗಿ ಕೂರೋ ಪ್ಲಾಸ್ಟಿಕ್ ಡಬ್ಬ ತಗೊಂಡು, ಒಂದು ಮೂಲೇಲಿ ಹಿಂಡಿದ ಒದ್ದೆ ಸ್ಪಂಜು ಇಟ್ಟು, ಬಟ್ಟಲನ್ನ ಹಲಗೆ ಸಮೇತ ಒಳಗಿಟ್ಟು ಮುಚ್ಚಿಬಿಡಿ. ಒದ್ದೆ ಬಟ್ಟೆ ನೇರ ಹೊದಿಸಬೇಡಿ, ತಾಗಿದ ಕಡೆ ಮಣ್ಣು ಮೆತ್ತಗಾಗಿ ಕುಸಿಯತ್ತೆ. ಮುಚ್ಚಳದ ಒಳಗೆ ಹನಿ ಕಟ್ಟತ್ತೆ, ದಿನಕ್ಕೊಂದು ಸಲ ಒರೆಸಿ. ನಾನು ಡಬ್ಬದ ತಳಕ್ಕೆ ಒಂದಿಂಚು ಪ್ಲಾಸ್ಟರ್ ಆಫ್ ಪ್ಯಾರಿಸ್ ಹುಯ್ದು ಗಟ್ಟಿ ಮಾಡಿಟ್ಟುಕೊಂಡಿದೀನಿ. ಅದನ್ನ ನೆನೆಸಿಟ್ರೆ ವಾರಗಟ್ಟಲೆ ಹದ ಹೋಗಲ್ಲ. ಬಿಡುವಾದಾಗ ನೀವೂ ಒಂದು ಮಾಡಿಕೊಳ್ಳಿ.

ಭಾನುವಾರ ಉಗುರು ಒತ್ತಿದ್ರೆ ಗುರುತು ಬೀಳಬೇಕು, ಆಕಾರ ಅಲುಗಬಾರದು. ಆಗ ಹೆರೆಯಿರಿ. ಪೂರ್ತಿ ಒಣಗಿದ, ಇನ್ನೂ ಸುಡದ ಪಾತ್ರೆಯಷ್ಟು ನಾಜೂಕಾದ್ದು ಬೇರೆ ಯಾವುದೂ ಇಲ್ಲ. ಹಸಿದೂ ಅಲ್ಲ ಬಾಗೋಕೆ, ಸುಟ್ಟದ್ದೂ ಅಲ್ಲ ತಡ್ಕೊಳ್ಳೋಕೆ. ಆ ಸ್ಥಿತೀಲಿ ಅದನ್ನ ಎಲ್ಲಿಗೂ ಒಯ್ಯಬೇಡಿ.

ಹಳೇ ಪೆಟ್ಟಿಗೆ

ತಂಗಿ, ನಾನು ಹದಿಮೂರು ಸಲ ಮನೆ ಬದಲಿಸಿದವನು. ಆ ಎರಡು ಗಂಟೆ ಪುಸ್ತಕಕ್ಕೆ ಇಡಮ್ಮ. ಬಟ್ಟೆ, ಹಾಸಿಗೆ ಎಲ್ಲ ಬೆಳಗ್ಗೆ ಎದ್ದು ತುರುಕಬಹುದು. ಪುಸ್ತಕ ಆತುರದಲ್ಲಿ ಕಟ್ಟಿದರೆ ಯಾರದಾದರೂ ಸೊಂಟ ಹೋಗುತ್ತದೆ. ನೀನು ಆಫೀಸಿನವಳು, ಎ4 ಕಾಗದ ಬರುವ ಖಾಲಿ ಪೆಟ್ಟಿಗೆ ಕೇಳಿ ತಗೋ. 500 ಹಾಳೆಯ ಒಂದು ಕಟ್ಟು, ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದದ್ದಾದರೆ, 2.5 ಕಿಲೋ. ಐದು ಕಟ್ಟಿನ ಪೆಟ್ಟಿಗೆ ಹನ್ನೆರಡೂವರೆ ಕಿಲೋ ತಡೆಯಲೆಂದೇ ಮಾಡಿದ್ದು. ಪುಸ್ತಕ ತುಂಬಿದರೂ ತೂಕ ಸಾಮಾನ್ಯವಾಗಿ ಅಷ್ಟರ ಮೇಲೆ ಹೋಗುವುದಿಲ್ಲ, ಒಬ್ಬರೇ ಎತ್ತಬಹುದು. ದೊಡ್ಡ ಪೆಟ್ಟಿಗೆ ಹಗುರ ಸಾಮಾನಿಗೆ, ಸಣ್ಣ ಪೆಟ್ಟಿಗೆ ಭಾರದ ಸಾಮಾನಿಗೆ. ಜನ ಯಾವಾಗಲೂ ಇದನ್ನು ತಿರುಗುಮುರುಗು ಮಾಡುತ್ತಾರೆ.

ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಬೇಡ, ಅಂಚಿನ ಮೇಲೆ ನಿಲ್ಲಿಸಿ ಸಾಲಾಗಿಡು. ಫ್ರಿಜ್ ಶುಕ್ರವಾರ ರಾತ್ರಿಯೇ ಆರಿಸಿ ಬಾಗಿಲು ತೆರೆದಿರಲಿ. ಸಾಗಿಸುವಾಗ ನಿಂತೇ ಹೋಗಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿಯುತ್ತದೆ. ಮಲಗಿಸಲೇಬೇಕಾಗಿ ಬಂದರೆ, ನಿಲ್ಲಿಸಿ ಹಲವು ಗಂಟೆ ಬಿಟ್ಟು ಆಮೇಲೆ ಸ್ವಿಚ್ ಹಾಕು.

ಇನ್ನೊಂದು ಮಾತು. ಆ ದಿನ ಸಂಜೆಗೆ ಬೇಕಾದ್ದು, ಅಂದರೆ ಹಾಸಿಗೆ ಹೊದಿಕೆ, ಚಾರ್ಜರ್, ಔಷಧಿ, ಸೋಪು, ಕತ್ತರಿ, ಇವೆಲ್ಲ ಒಂದೇ ಚೀಲದಲ್ಲಿ ಅವಳ ಕೈಯಲ್ಲೇ ಇರಲಿ. ಮೊದಲು ಹಾಸಿಗೆ ಹಾಸುವುದನ್ನು ನಿನ್ನ ಗೆಳತಿಯಿಂದ ನೀನು ಆಗಲೇ ಕಲಿತಿದ್ದೀಯ.

ಜೇಡಿಮಣ್ಣು (ಬುಧವಾರ ರಾತ್ರಿ)

ಮೂವರಿಗೂ ತುಂಬಾ ಥ್ಯಾಂಕ್ಸ್. ಅವಳಿಗೆ ಭಾನುವಾರ ರಾತ್ರೀನೇ ಫೋನ್ ಮಾಡಿ ಎಲ್ಲ ಓದಿ ಹೇಳಿದೆ. ಬಟ್ಟಲು ಡಬ್ಬದಲ್ಲಿವೆ. ಕಾಗದದ ಪೆಟ್ಟಿಗೆ ಹನ್ನೊಂದು ಸಿಕ್ಕಿತು.

ಇವತ್ತು ಆಫೀಸಲ್ಲಿ ಬ್ಯಾಂಕ್ ಲೆಕ್ಕ 540ರಷ್ಟು ತಾಳೆ ಆಗ್ತಿರಲಿಲ್ಲ. ಏಳು ಗಂಟೆ ಆಗಿತ್ತು, ಕಣ್ಣು ಉರೀತಿತ್ತು. 540 ಅನ್ನೋದು 9ರಿಂದ ಭಾಗವಾಗತ್ತೆ ಅಂತ ಹೊಳೀತು. ವ್ಯತ್ಯಾಸ 9ರಿಂದ ಭಾಗವಾದರೆ ಎರಡು ಅಂಕಿ ಅದಲುಬದಲಾಗಿರೋ ಸಾಧ್ಯತೆ ಜಾಸ್ತಿ. ಹುಡುಕಿದೆ, 6821 ಇರಬೇಕಾದ ಕಡೆ 6281 ಅಂತ ಬಿದ್ದಿತ್ತು. ಇದಕ್ಕೂ ಮನೆ ಸಾಗಣೆಗೂ ಸಂಬಂಧ ಇಲ್ಲ, ಆದರೆ ಇದು ಸಿಗದೇ ಇದ್ದಿದ್ರೆ ನಾಳೆ ಅವಳ ಮನೆಗೆ ಹೋಗೋ ಎರಡು ಗಂಟೆ ಹೋಗಿಬಿಡ್ತಿತ್ತು. ಅದಕ್ಕೇ ಇಷ್ಟು ಖುಷಿ.

ಜೇಡಿಮಣ್ಣು (ಭಾನುವಾರ ಸಂಜೆ)

ಮುಗೀತು. ಹೇಗಾಯ್ತು ಅಂತ ಹೇಳಲೇಬೇಕು.

ಪುಸ್ತಕ ಗುರುವಾರವೇ ಮುಗಿದಿದ್ದರಿಂದ ಶನಿವಾರ ಹತ್ತೂವರೆಗೆ ಮನೆ ಖಾಲಿ. ಫ್ರಿಜ್ ನಿಂತೇ ಹೋಯ್ತು. ತೊಟ್ಟಿ ಕೆಲಸ ನಾವಿಬ್ಬರೇ ಮಾಡಿದ್ವಿ, ಬೇರೆ ಯಾರನ್ನೂ ಮುಟ್ಟೋಕೆ ಬಿಡಲಿಲ್ಲ. ನಾಲ್ಕು ಕೋರಿ ಡಬ್ಬಿಗೆ ಸಲೀಸಾಗಿ ಬಂದವು. ಐದನೆಯದು ಕಾಣಲೇ ಇಲ್ಲ. ಹದಿನೈದು ನಿಮಿಷ ಹುಡುಕಿದ್ವಿ, ಅವಳ ಮುಖ ಸಪ್ಪಗಾಗಿತ್ತು. ಹೊರಗಿಟ್ಟಿದ್ದ ಮರದ ತುಂಡನ್ನ ಎತ್ತಿ ನೋಡಿದ್ರೆ ಅದರ ಪೊಟರೆಯೊಳಗೆ, ಉಳಿದಿದ್ದ ಒಂದು ಚಮಚೆಯಷ್ಟು ನೀರಲ್ಲಿ ಕೂತಿದೆ! ಬಕೆಟ್ಟಿಗೆ ಜಾರಿಸಿದ ಕೂಡಲೇ ತಳಕ್ಕೆ ಹೋಗಿ ಮೂತಿಯಿಂದ ಕೆದಕೋಕೆ ಶುರು ಮಾಡ್ತು. ಕೋರಿ ಸಾಕಿರೋರು ಮರವನ್ನ ಹೊರಗಿಡೋ ಮೊದಲು ಒಳಗೆಲ್ಲ ನೋಡಿ, ದಯವಿಟ್ಟು.

ಹೊಸ ಮನೇಲಿ ಎರಡು ಬೆರಳು ನೀರು ಹಾಕಿದಾಗಲೇ ಗೊತ್ತಾಯ್ತು, ಎಡಗಡೆ ನೀರು ಎತ್ತರಕ್ಕಿದೆ, ಬಲಗಡೆ ತಗ್ಗಿದೆ. ನೆಲ ಓರೆ. ನೀರು ತೆಗೆದು, ಸ್ಟ್ಯಾಂಡಿನ ಎಡಗಾಲುಗಳ ಕೆಳಗೆ ತೆಳು ಹಲಗೆ ಕೊಟ್ಟು, ಮತ್ತೆ ಹಾಕಿ ನೋಡಿ, ಸಮ ಆದ ಮೇಲೆ ಕಲ್ಲು ತುಂಬಿದ್ವಿ. ಅರ್ಧ ಗಂಟೆ ಹಿಡೀತು. ಪೂರ್ತಿ ತುಂಬಿದ ಮೇಲೆ ಗೊತ್ತಾಗಿದ್ರೆ ಏನು ಮಾಡಬೇಕಿತ್ತೋ.

ಏಂಜಲ್ ಎರಡೂ ಪಟ್ಟೆ ಅಳಿಸಿ ಹೋದ ಹಾಗೆ ಬಿಳಚಿಕೊಂಡಿದ್ದವು. ದೀಪ ಹಾಕದೆ ಬಿಟ್ವಿ. ರಾತ್ರಿ ಹತ್ತರ ಹೊತ್ತಿಗೆ, ಪೆಟ್ಟಿಗೆಗಳ ಮಧ್ಯೆ ಹಾಸಿದ ಹಾಸಿಗೆ ಮೇಲೆ ಇಬ್ಬರೂ ಕಾಲು ಚಾಚಿ ಕೂತು ನೋಡ್ತಾ ಇದ್ದಾಗ, ಒಂದರ ಮೈಮೇಲೆ ಕಪ್ಪು ಪಟ್ಟೆ ನಿಧಾನಕ್ಕೆ ಮೂಡ್ತು. ಆಮೇಲೆ ಇನ್ನೊಂದಕ್ಕೂ. ಇವತ್ತು ಮಧ್ಯಾಹ್ನ ಅಮೋನಿಯಾ ಸೊನ್ನೆ ಅಂತ ಮೆಸೇಜ್ ಬಂತು.

ಬಟ್ಟಲು: ಎಂಟರಲ್ಲಿ ಒಂದರ ಮೇಲೆ ಹನಿ ಬಿದ್ದು ಬುಡ ಮೆತ್ತಗಾಗಿ ಕುಸಿದಿತ್ತು. ಶುಕ್ರವಾರ ಒರೆಸೋದು ಬಿಟ್ಟಿದ್ದೆ. ಉಳಿದ ಏಳೂ ತಿರುಗಣೆಯವರು ಹೇಳಿದ ಹದದಲ್ಲೇ ಇದ್ದವು, ಹೆರೆದ ಮಣ್ಣು ಉದ್ದುದ್ದ ಸುರುಳಿಯಾಗಿ ಬರ್ತಿತ್ತು. ಅವಳ ಎರಡೂ ಚೆನ್ನಾಗಿವೆ. ಇನ್ನು ನಿಧಾನಕ್ಕೆ ಒಣಗಬೇಕು, ಒಂದು ಸಲ ಸುಟ್ಟು, ಗ್ಲೇಜ್ (ಗಾಜಿನಂಥ ಲೇಪ) ಹಚ್ಚಿ, ಮತ್ತೊಂದು ಸಲ ಸುಡಬೇಕು. ಅವಳಿಗೆ ಇನ್ನೂ ಹೇಳಿಲ್ಲ.