220 ಡಿಗ್ರಿ ಎಂದು ತೋರಿಸುತ್ತಲೇ ಹತ್ತಿ ಸುಡುತ್ತಿದೆ: ಪಿಐಡಿಯ ತಪ್ಪೇ?

ಪ್ರಶ್ನೆ – ಸುರುಳಿತಂತಿ
ವೇಪ್ (ಇ-ಸಿಗರೇಟ್) ಬೋರ್ಡಿಗೆ ತಾಪಮಾನ ನಿಯಂತ್ರಣದ ಫರ್ಮ್‌ವೇರ್ ಬರೆಯುತ್ತಿದ್ದೇನೆ; ಕಾಯಿಲಿನ ರೋಧ ಅಳೆದು ಅದರಿಂದಲೇ ತಾಪಮಾನ ಲೆಕ್ಕ ಹಾಕುತ್ತದೆ. ಎಸ್‌ಎಸ್ 316ಎಲ್ (ಸ್ಟೇನ್‌ಲೆಸ್ ಸ್ಟೀಲ್) ಕಾಯಿಲ್, 20 ಡಿಗ್ರಿಯಲ್ಲಿ 0.5 ಓಮ್, ಟಿಸಿಆರ್ (ಡಿಗ್ರಿಗೊಮ್ಮೆ ರೋಧ ಏರುವ ಪ್ರಮಾಣ) 0.00092. ಪಿಐಡಿ ಲೂಪ್ (ಗುರಿಗೂ ಅಳತೆಗೂ ಇರುವ ವ್ಯತ್ಯಾಸ ನೋಡಿ ಪವರ್ ತಿದ್ದುವ ಕೋಡ್) ಮಿಲಿಸೆಕೆಂಡಿಗೊಮ್ಮೆ ಓಡುತ್ತದೆ. ಮೊದಲ ಪಫ್‌ಗಳು ಸರಿ. ಬ್ಯಾಟರಿ ಬದಲಿಸಿ ಕೂಡಲೇ ಒತ್ತಿದರೆ ಕಾಯಿಲಿಗೆ ದ್ರವ ಒದಗಿಸುವ ಹತ್ತಿ ಸುಡುತ್ತದೆ, ಪರದೆ ಮಾತ್ರ 220 ಎನ್ನುತ್ತದೆ. ಪಿಐಡಿಯ ಗುಣಕಗಳಾದ ಕೆಪಿ, ಕೆಐ ಇಳಿಸಿದರೂ ಅಷ್ಟೇ.

ಉತ್ತರ – ಮಿಲಿಓಮ್
ಪಿಐಡಿಯನ್ನು ಸದ್ಯಕ್ಕೆ ಮುಟ್ಟಬೇಡಿ. ಪರದೆ 220ರಲ್ಲೇ ನಿಂತಿದೆ ಎಂದರೆ ಲೂಪ್ ತನ್ನ ಕೆಲಸ ಮಾಡುತ್ತಿದೆ, ಅದರ ಕೈಗೆ ಬಂದ ಅಳತೆಯೇ ತಪ್ಪು.

ನಿಮ್ಮ ಕಾಯಿಲ್ 220ಕ್ಕೆ ಮುಟ್ಟುವಾಗ ರೋಧ 0.5 × (1 + 0.00092 × 200), ಅಂದರೆ 0.592 ಓಮ್. ಬ್ಯಾಟರಿ ತೆಗೆದು ಹಾಕಿದಾಗ ಬೋರ್ಡ್ ರೀಸೆಟ್ ಆಗಿ ತಣ್ಣನೆಯ ರೋಧವನ್ನು ಹೊಸದಾಗಿ ಓದುತ್ತಿರಬೇಕು. ಆಗ ಕಾಯಿಲ್ ಇನ್ನೂ 50 ಡಿಗ್ರಿಯಲ್ಲಿದ್ದರೆ 0.514 ಸಿಗುತ್ತದೆ. ಅದನ್ನೇ 20 ಡಿಗ್ರಿಯ ರೋಧವೆಂದು ನಂಬಿದರೆ, ಪರದೆ 220 ಎನ್ನುವಾಗ ಕಾಯಿಲ್ ನಿಜಕ್ಕೂ ಸುಮಾರು 255ರಲ್ಲಿರುತ್ತದೆ.

ಹಳೆಯ ಓದನ್ನು ಫ್ಲ್ಯಾಶ್‌ನಲ್ಲಿ ಉಳಿಸಿ. ಹೊಸ ಓದು ಅದಕ್ಕಿಂತ ಸ್ವಲ್ಪವೇ ಹೆಚ್ಚಿದ್ದರೆ ಹಳೆಯದನ್ನೇ ಬಳಸಿ, ‘ಹೊಸ ಕಾಯಿಲೇ?’ ಎಂದು ಕೇಳಿ. ಹೌದು ಎಂದರೆ ಸೆಕೆಂಡಿಗೊಮ್ಮೆ ಸಣ್ಣ ಪಲ್ಸ್ ಕೊಟ್ಟು ಅಳೆಯಿರಿ; ರೋಧ ಇಳಿಯುತ್ತಲೇ ಇದ್ದರೆ ಕಾಯಿಲ್ ಇನ್ನೂ ಆರಿಲ್ಲ. ಪಲ್ಸ್ ಉದ್ದವಾದರೆ ಅಳತೆಯೇ ಕಾಯಿಲನ್ನು ಬಿಸಿ ಮಾಡುತ್ತದೆ, ಜೋಕೆ. 20 ಡಿಗ್ರಿ ಎಂಬುದನ್ನೂ ಕೋಡಿನಲ್ಲಿ ಗಟ್ಟಿ ಮಾಡಬೇಡಿ, ಬೋರ್ಡಿನ ಎನ್‌ಟಿಸಿಯಿಂದ (ತಾಪಮಾನ ಅಳೆಯುವ ಬಿಡಿಭಾಗ) ಕೋಣೆಯ ತಾಪಮಾನ ತೆಗೆದುಕೊಳ್ಳಿ.

ಸುರುಳಿತಂತಿ
ಸುಡುವುದು ನಿಂತಿತು. ಈಗ ಫೈರ್ ಮಾಡುವಾಗ ಪರದೆ ಹದಿನೈದು ಡಿಗ್ರಿ ಅತ್ತಿತ್ತ ಕುಣಿಯುತ್ತಿದೆ. ಸರಾಸರಿ ತೆಗೆಯಲೇ?

ಉತ್ತರ – ಷಂಟ್
ಸರಾಸರಿ ಕೊನೆಗಿರಲಿ. ಈ ಕಾಯಿಲಿನಲ್ಲಿ 1 ಮಿಲಿಓಮ್ ಎಂದರೆ ಸುಮಾರು 2.2 ಡಿಗ್ರಿ, ನಿಮ್ಮ ಕುಣಿತ ಬರೀ 7 ಮಿಲಿಓಮಿನದು. 510 ಕನೆಕ್ಟರಿನ (ಕಾಯಿಲಿರುವ ಭಾಗವನ್ನು ಬೋರ್ಡಿಗೆ ತಿರುಗಿಸಿ ಕೂರಿಸುವ ಜೋಡಣೆ) ಎಳೆಯಲ್ಲಿ ಕೊಳೆಯಿದ್ದರೂ, ಕಾಯಿಲಿನ ಸ್ಕ್ರೂ ಸಡಿಲವಿದ್ದರೂ ಅಷ್ಟು ಬರುತ್ತದೆ.

ಕಾಯಿಲಿನ ಜಾಗದಲ್ಲಿ ಟಿಸಿಆರ್ ತೀರಾ ಕಡಿಮೆಯಿರುವ 0.5 ಓಮ್ ಪವರ್ ರೆಸಿಸ್ಟರ್ ಕಟ್ಟಿ, ವ್ಯಾಟ್ (ಸ್ಥಿರ ಪವರ್) ಮೋಡಿನಲ್ಲಿ ಓಡಿಸಿ. ಟಿಸಿ (ತಾಪಮಾನ ನಿಯಂತ್ರಣ) ಮೋಡಿನಲ್ಲಿ ಬೇಡ: ಕಾಂತಾಲ್ ತಂತಿಯಂತೆಯೇ ಅದರ ರೋಧ ಏರುವುದಿಲ್ಲ, ಲೂಪ್ ಪೂರ್ತಿ ಪವರ್ ಸುರಿಯುತ್ತಲೇ ಇರುತ್ತದೆ. ಓದು ಕುಣಿಯದೆ ಸ್ಥಿರವಾಗಿ ನಿಂತರೆ ತಪ್ಪು ಸಂಪರ್ಕದ್ದು. ಆಗಲೂ ಕುಣಿದರೆ ವೋಲ್ಟೇಜ್ ಮತ್ತು ಕರೆಂಟನ್ನು ಒಂದರ ಹಿಂದೊಂದು ಓದುತ್ತಿದ್ದೀರಿ, ನಡುವೆ ರಿಪಲ್ (ಪವರಿನ ಸಣ್ಣ ಏರಿಳಿತ) ಬದಲಾಗುತ್ತಿದೆ. ಎರಡನ್ನೂ ಒಂದೇ ಕ್ಷಣಕ್ಕೆ, ಪಿಡಬ್ಲ್ಯೂಎಂ (ಪವರನ್ನು ವೇಗವಾಗಿ ಆನ್-ಆಫ್ ಮಾಡಿ ಹದಗೊಳಿಸುವ) ಟೈಮರಿನ ಟ್ರಿಗರ್‌ನಿಂದ ಹಿಡಿಯಿರಿ. ವೋಲ್ಟೇಜಿನ ತಂತಿಗಳನ್ನು ಬೇರೆಯಾಗಿ 510ರ ಬುಡದಿಂದಲೇ ಎಳೆಯಿರಿ.

16 ಓದುಗಳ ಸರಾಸರಿ ಸುಮಾರು 7.5 ಮಿಲಿಸೆಕೆಂಡ್ ತಡ ತರುತ್ತದೆ. ಸಣ್ಣ ಕಾಯಿಲಿಗೆ ಅದೂ ದುಬಾರಿ. ನಾನಾದರೆ ನಾಲ್ಕಕ್ಕೆ ನಿಲ್ಲಿಸುತ್ತೇನೆ.

ಮಿಲಿಓಮ್
ಒಂದು ಬಿಟ್ಟುಹೋಯಿತು: ಪವರ್ ಗರಿಷ್ಠ ಮಿತಿಗೆ ತಾಗಿರುವಷ್ಟು ಹೊತ್ತು ಇಂಟಿಗ್ರಲ್ (ಪಿಐಡಿಯಲ್ಲಿ ವ್ಯತ್ಯಾಸವನ್ನು ಕೂಡಿಡುವ ಭಾಗ) ಕೂಡಿಸುವುದನ್ನು ನಿಲ್ಲಿಸಿ. ಇಲ್ಲದಿದ್ದರೆ ಬಿಸಿಯೇರುವಾಗ ಅದು ತುಂಬಿಕೊಂಡು, ಗುರಿ ದಾಟಿದ ಮೇಲೂ ಪವರ್ ಇಳಿಯಲು ಬಿಡುವುದಿಲ್ಲ.